ಕಾಲೇಜು ಫುಟ್‌ಬಾಲ್ ಕೋಚ್ ಬದಲಾವಣೆ ಸರಿಯೇ? ವಾದಕ್ಕೆ ನಿಲ್ಲುವವರಿಗೊಂದು ಕೈಪಿಡಿ

ಬಳ್ಳಾರಿಯ ಕಾಲೇಜೊಂದರಲ್ಲಿ ಫುಟ್‌ಬಾಲ್ ತಂಡದ ಕೋಚ್ ಬದಲಾದರೆ ಅದರ ಚರ್ಚೆ ಆಡಳಿತ ಮಂಡಳಿಯ ಸಭೆಗೆ ಮುಗಿಯುವುದಿಲ್ಲ. ಮುನ್ಸಿಪಲ್ ಕಾಲೇಜು ಮೈದಾನದ ಅಂಚಿನಲ್ಲಿ ಶುರುವಾದ ಮಾತು ಒಗ್ಗರಣಿ-ಮಿರ್ಚಿ ಅಂಗಡಿಯವರೆಗೂ ಬರುತ್ತದೆ, ಅಲ್ಲಿಂದ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿ ವಾರಗಟ್ಟಲೆ ಎಳೆದಾಡುತ್ತದೆ. "ಎರಡು ವರ್ಷದಿಂದ ಒಂದು ಕಪ್ಪೂ ಬಂದಿಲ್ಲ, ಹೋಗಲಿ ಬಿಡಿ" ಎನ್ನುವವರು ಒಂದು ಕಡೆ. "ಆಟಗಾರರೇ ಇಲ್ಲದ ಮೇಲೆ ಸರ್ ಏನು ಮಾಡಬೇಕಿತ್ತು" ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಒಲವು ಇದೆಯೇ ಹೊರತು ಆಧಾರವಿಲ್ಲ. ಇದೇ ವಿಷಯವನ್ನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪರ ಅಥವಾ ವಿರೋಧವಾಗಿ ಮಂಡಿಸಬೇಕಾದವರು, ಇಲ್ಲವೇ ಹಳೆಯ ಆಟಗಾರರ ಪರವಾಗಿ ಪ್ರಾಂಶುಪಾಲರ ಮುಂದೆ ಮಾತನಾಡಬೇಕಾದವರು ಹೇಗೆ ಸಿದ್ಧರಾಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇಂತಹ ವಾದಗಳು ಅತಿ ಹೆಚ್ಚು ನಡೆದಿರುವುದೂ, ಅವುಗಳ ದಾಖಲೆ ಅತಿ ಚೆನ್ನಾಗಿ ಉಳಿದಿರುವುದೂ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ. ಅದು ಮೊಟ್ಟೆಯಾಕಾರದ ಚೆಂಡಿನಿಂದ ಆಡುವ ಬೇರೆಯೇ ಆಟವಾದರೂ, ಕೋಚ್ ಕುರಿತ ತೀರ್ಮಾನವನ್ನು ಅಳೆಯುವ ಬಗೆ ಎರಡೂ ಆಟಗಳಿಗೆ ಒಂದೇ ಆಗಿರುವುದರಿಂದ ಉದಾಹರಣೆಗಳನ್ನು ಧಾರಾಳವಾಗಿ ಅಲ್ಲಿಂದಲೇ ತೆಗೆದುಕೊಂಡಿದ್ದೇನೆ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ

"ಬದಲಾವಣೆ ಸರಿಯೇ" ಎಂಬ ಒಂದು ಪ್ರಶ್ನೆಯೊಳಗೆ ಕನಿಷ್ಠ ಮೂರು ಪ್ರಶ್ನೆಗಳು ಹೆಣೆದುಕೊಂಡಿರುತ್ತವೆ. ಹಳೆಯ ಕೋಚ್ ಅವರನ್ನು ತೆಗೆದದ್ದು ಸರಿಯೇ ಎಂಬುದು ಒಂದು. ತೆಗೆದ ಸಮಯ ಮತ್ತು ರೀತಿ ಸರಿಯೇ ಎಂಬುದು ಇನ್ನೊಂದು. ಅವರ ಜಾಗಕ್ಕೆ ತಂದವರ ಆಯ್ಕೆ ಸರಿಯೇ ಎಂಬುದು ಮೂರನೆಯದು. ತೆಗೆದದ್ದು ಸರಿಯಾಗಿದ್ದು ತಂದವರು ತಪ್ಪಾಗಿರಬಹುದು. ಇಬ್ಬರ ವಿಷಯದಲ್ಲೂ ತೀರ್ಮಾನ ಸರಿಯಾಗಿದ್ದು, ಅಂತರ ಕಾಲೇಜು ಪಂದ್ಯಾವಳಿಗೆ ಹತ್ತು ದಿನ ಇರುವಾಗ ಹಾಗೆ ಮಾಡಿದ್ದು ಮಾತ್ರ ತಪ್ಪಾಗಿರಬಹುದು. ಎದುರಾಳಿ ಈ ಮೂರನ್ನೂ ಒಂದಾಗಿಸಿ ಮಾತನಾಡುತ್ತಿದ್ದರೆ, ಅವುಗಳನ್ನು ಬೇರ್ಪಡಿಸಿ ತೋರಿಸುವುದರಿಂದಲೇ ಅರ್ಧ ಚರ್ಚೆ ತಿಳಿಯಾಗುತ್ತದೆ.

ತೀರ್ಮಾನಕ್ಕೆ ಕೊಟ್ಟ ಕಾರಣ ಯಾವ ಜಾತಿಯದು ಎಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಬೇಕು. 2017ರ ಜೂನ್‌ನಲ್ಲಿ ಅನಿಲ್ ಕುಂಬ್ಳೆ ಭಾರತ ಕ್ರಿಕೆಟ್ ತಂಡದ ಕೋಚ್ ಸ್ಥಾನ ಬಿಟ್ಟದ್ದು ನಮಗೆಲ್ಲ ನೆನಪಿದೆ. ಅವರ ಅವಧಿಯಲ್ಲಿ ತಂಡ 17 ಟೆಸ್ಟ್‌ಗಳಲ್ಲಿ 12 ಗೆದ್ದು ಒಂದನ್ನಷ್ಟೇ ಸೋತಿತ್ತು. ಚಾಂಪಿಯನ್ಸ್ ಟ್ರೋಫಿ ಫೈನಲ್ ಸೋತ ಎರಡೇ ದಿನಕ್ಕೆ ಅವರು ಹೊರಬಂದರಾದರೂ, ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆ ಎಂಬುದನ್ನೇ ಅವರು ಕಾರಣವಾಗಿ ತಿಳಿಸಿದ್ದರು. ಅಲ್ಲಿ ಗೆಲುವಿನ ಪಟ್ಟಿಯನ್ನು ಓದಿದವರೂ ಸೋಲಿನ ಪಟ್ಟಿಯನ್ನು ಓದಿದವರೂ ವಿಷಯದ ಹೊರಗೇ ನಿಂತರು. ಕಾಲೇಜಿನಲ್ಲಿಯೂ ಹಾಗೆಯೇ: ಕಾರಣ ಫಲಿತಾಂಶವೇ, ನಡವಳಿಕೆಯೇ, ಹಣವೇ, ಆಟಗಾರರೊಂದಿಗಿನ ಸಂಬಂಧವೇ ಎಂಬುದು ತಿಳಿಯದೆ ಅಂಕಿಸಂಖ್ಯೆ ಹುಡುಕಲು ಹೊರಡುವುದು ವ್ಯರ್ಥ.

ನಡವಳಿಕೆಯ ದೂರು ಇದ್ದರೆ, ಅಂದರೆ ಬೈಗುಳ, ಹೊಡೆತ, ಹಣದ ದುರುಪಯೋಗ ಅಥವಾ ಗಾಯಗೊಂಡವರನ್ನು ಬಲವಂತವಾಗಿ ಆಡಿಸಿದ ಆರೋಪವಿದ್ದರೆ, ಅದನ್ನು ಚರ್ಚಾವೇದಿಕೆಗೆ ತರಬೇಡಿ. ಅದು ವಿಚಾರಣೆಗೆ ಸೇರಿದ್ದು, ದೂರು ಕೊಟ್ಟ ವಿದ್ಯಾರ್ಥಿಯ ಗುರುತು ಕಾಪಾಡುವುದು ಯಾವ ವಾದಕ್ಕಿಂತಲೂ ಮುಖ್ಯ. ಅಂತಹ ಪ್ರಕರಣದಲ್ಲಿ ಎಷ್ಟು ಕಪ್ ಬಂದಿದ್ದವು ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಕೋಚ್ ಕೈಯಲ್ಲಿ ಏನಿತ್ತು?

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಎಂದರೆ ತಂಡ ಕಟ್ಟುವ ಅಧಿಕಾರವುಳ್ಳವನು. ಪ್ರೌಢಶಾಲೆಗಳಲ್ಲಿ ಆಡುವ ಹುಡುಗರನ್ನು ವರ್ಷಗಳ ಮೊದಲೇ ಗುರುತಿಸಿ, ಅವರ ಮನೆಗೆ ಹೋಗಿ, ವಿದ್ಯಾರ್ಥಿವೇತನ ಕೊಡಿಸಿ ಕರೆತರುವುದು ಅವನ ಕೆಲಸದ ದೊಡ್ಡ ಪಾಲು. ಆದ್ದರಿಂದ "ಆಟಗಾರರೇ ಸರಿಯಿಲ್ಲ" ಎಂಬ ಮಾತು ಅಲ್ಲಿ ಕೋಚ್‌ಗೆ ರಕ್ಷಣೆಯಾಗುವುದಿಲ್ಲ, ಮೂರು ವರ್ಷ ಕಳೆದ ಮೇಲಂತೂ ಅದೇ ಅವನ ಮೇಲಿನ ಆರೋಪವಾಗುತ್ತದೆ.

ನಮ್ಮಲ್ಲಿ ಕಥೆಯೇ ಬೇರೆ. ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ದೈಹಿಕ ಶಿಕ್ಷಣ ನಿರ್ದೇಶಕರೇ ಕಬಡ್ಡಿಗೂ ಫುಟ್‌ಬಾಲ್‌ಗೂ ಅಥ್ಲೆಟಿಕ್ಸ್‌ಗೂ ಹೊಣೆಗಾರರು; ಪ್ರತ್ಯೇಕ ಫುಟ್‌ಬಾಲ್ ಕೋಚ್ ಇದ್ದರೆ ಹೆಚ್ಚಾಗಿ ಗೌರವಧನದ ಮೇಲೆ ಸಂಜೆಯ ಹೊತ್ತು ಬರುವ ಹಳೆಯ ಆಟಗಾರರಾಗಿರುತ್ತಾರೆ. ಆ ವರ್ಷ ಪ್ರವೇಶ ಪಡೆದವರಲ್ಲಿ ಯಾರಿಗೆ ಆಡಲು ಬರುತ್ತದೆಯೋ ಅವರೇ ತಂಡ. ಹೀಗಿರುವಾಗ ಹೊಣೆಯನ್ನು ಅಧಿಕಾರದ ಅಳತೆಗೆ ತಕ್ಕಂತೆ ಹೊರಿಸಬೇಕಾಗುತ್ತದೆ. ಹನ್ನೊಂದು ಜನರ ಪಟ್ಟಿಯನ್ನು ಕೋಚ್ ಒಬ್ಬರೇ ಅಂತಿಮಗೊಳಿಸುತ್ತಿದ್ದರೇ ಅಥವಾ ಸಮಿತಿಯ ಶಿಫಾರಸು ಇರುತ್ತಿತ್ತೇ, ಮೈದಾನ ವಾರಕ್ಕೆ ಎಷ್ಟು ಸಂಜೆ ಸಿಗುತ್ತಿತ್ತು, ಪ್ರಯಾಣಭತ್ಯೆ ಪಂದ್ಯಕ್ಕೆ ಮೊದಲು ಬರುತ್ತಿತ್ತೇ ಅಥವಾ ಸೆಮಿಸ್ಟರ್ ಮುಗಿದ ಮೇಲೆ ಬರುತ್ತಿತ್ತೇ ಎಂಬುದನ್ನು ವಿಚಾರಿಸಿ.

ಇದನ್ನು ತಿಳಿಯಲು ಭಾಷಣಕ್ಕಿಂತ ಎರಡು ಪುಸ್ತಕಗಳು ಹೆಚ್ಚು ಸಹಾಯ ಮಾಡುತ್ತವೆ: ಅಭ್ಯಾಸದ ಹಾಜರಿ ಪುಸ್ತಕ ಮತ್ತು ಕ್ರೀಡಾ ವಿಭಾಗದ ಸ್ಟಾಕ್ ರಿಜಿಸ್ಟರ್. ಹಾಜರಿಯಲ್ಲಿ ಆಂತರಿಕ ಪರೀಕ್ಷೆಯ ವಾರಗಳು ಖಾಲಿ ಬಿದ್ದಿರುವುದು, ಪ್ರಾಯೋಗಿಕ ತರಗತಿ ಇರುವ ವಿಜ್ಞಾನ ವಿದ್ಯಾರ್ಥಿಗಳ ಹೆಸರಿನ ಮುಂದೆ ಒಂದೇ ವಾರದ ದಿನ ಸಾಲಾಗಿ ಗೈರು ಬಿದ್ದಿರುವುದು ಒಂದೇ ನೋಟಕ್ಕೆ ಕಾಣುತ್ತದೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ವರ್ಷದ ಆರಂಭಕ್ಕೆ ನಾಲ್ಕು ಚೆಂಡು ಬಂದು, ಅವುಗಳಲ್ಲಿ ಎರಡರ ಮುಂದೆ "ಬ್ಲಾಡರ್ ಹಾಳು" ಎಂದು ಬರೆದಿದ್ದರೆ, ಇಪ್ಪತ್ತು ಹುಡುಗರಿಗೆ ಪಾಸಿಂಗ್ ಕಲಿಸಲಿಲ್ಲ ಎಂಬ ಆರೋಪದ ತೂಕ ಅಲ್ಲಿಯೇ ಇಳಿಯುತ್ತದೆ. ಅದರ ಬದಲು ಸೌಕರ್ಯವೆಲ್ಲ ಇದ್ದು, ಹಾಜರಿ ಪುಸ್ತಕದಲ್ಲಿ ಕೋಚ್ ಸಹಿಯೇ ತಿಂಗಳುಗಟ್ಟಲೆ ಕಾಣದಿದ್ದರೆ ಬದಲಾವಣೆಯ ಪರ ಇರುವವರಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಬಳ್ಳಾರಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಬೆಳಗಿನ ಅಭ್ಯಾಸವನ್ನು ಎಷ್ಟು ಗಂಟೆಗೆ ಇಟ್ಟಿದ್ದರು ಎಂಬ ಸಣ್ಣ ವಿವರವೂ ಕೋಚ್ ಎಷ್ಟು ಯೋಚಿಸಿ ಕೆಲಸ ಮಾಡುತ್ತಿದ್ದರು ಎಂಬುದನ್ನು ಹೇಳುತ್ತದೆ.

ಪಂದ್ಯಗಳ ಲೆಕ್ಕ

ಅಮೆರಿಕದ ಕಾಲೇಜು ತಂಡವೊಂದು ಋತುವಿಗೆ ಸುಮಾರು ಹನ್ನೆರಡು ಪಂದ್ಯ ಆಡುತ್ತದೆ, ಅಷ್ಟಕ್ಕೇ ಅಲ್ಲಿನವರು ಇದು ಕಡಿಮೆ ಲೆಕ್ಕ ಎನ್ನುತ್ತಾರೆ. ನಮ್ಮ ಅಂತರ ಕಾಲೇಜು ಪಂದ್ಯಾವಳಿ ನಾಕೌಟ್ ಮಾದರಿಯಲ್ಲಿ ನಡೆದರೆ ಮೊದಲ ದಿನವೇ ಸೋತ ತಂಡಕ್ಕೆ ಇಡೀ ವರ್ಷಕ್ಕೆ ಒಂದೇ ಅಧಿಕೃತ ಪಂದ್ಯ. ಒಂದು ಪಂದ್ಯದಿಂದ ಒಬ್ಬ ಕೋಚ್‌ನ ಸಾಮರ್ಥ್ಯವನ್ನು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ.

ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. ಮೊದಲ ವರ್ಷ ಎರಡು ಪಂದ್ಯ ಗೆದ್ದು ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಎರಡನೆಯ ವರ್ಷ ಮೊದಲ ಪಂದ್ಯದಲ್ಲೇ 0-1ರಿಂದ ಸೋತಿತು. ಸೋಲಿಸಿದ ತಂಡವೇ ಮುಂದೆ ಚಾಂಪಿಯನ್ ಆಯಿತು. ನೋಟಿಸ್ ಬೋರ್ಡಿನ ಮಟ್ಟಕ್ಕೆ ಇದು "ಎರಡು ವರ್ಷ, ಕಪ್ ಇಲ್ಲ". ಆದರೆ ಸಾಲು ಸಾಲಾಗಿ ಬರೆದುಕೊಂಡು ನೋಡಿದರೆ ನಾಲ್ಕು ಪಂದ್ಯಗಳಲ್ಲಿ ಎರಡು ಗೆಲುವು, ಶೂಟೌಟ್‌ಗೆ ಹೋದ ಒಂದು ಸಮಬಲದ ಆಟ, ಆ ವರ್ಷದ ಅತ್ಯುತ್ತಮ ತಂಡದ ಎದುರು ಒಂದು ಗೋಲಿನ ಸೋಲು. ಇದರ ಪಕ್ಕದಲ್ಲಿ ಮತ್ತೊಂದು ಸಾಲು ಸೇರಿಸಿ: ಮೊದಲ ವರ್ಷದ ತಂಡದಲ್ಲಿ ಎಷ್ಟು ಮಂದಿ ಅಂತಿಮ ವರ್ಷದವರಿದ್ದರು? ಆರು ಮಂದಿ ಪದವಿ ಮುಗಿಸಿ ಹೋಗಿದ್ದರೆ ಎರಡನೆಯ ವರ್ಷದ್ದು ಹೆಸರಿಗೆ ಮಾತ್ರ ಅದೇ ತಂಡ. ಕಾಲೇಜು ತಂಡ ಎಂಬುದು ಮೂರು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗುವ ತಂಡ, ಆದ್ದರಿಂದ ಹಿಂದಿನ ವರ್ಷದೊಂದಿಗಿನ ಹೋಲಿಕೆ ಇಲ್ಲಿ ಕ್ಲಬ್ ತಂಡಗಳಲ್ಲಿ ಇರುವಷ್ಟು ಗಟ್ಟಿಯಲ್ಲ.

ಕೋಚ್ ವಿರೋಧಿಗಳಿಗೂ ಇದೇ ಪಟ್ಟಿಯಲ್ಲಿ ಅಸ್ತ್ರವಿದೆ. ಸೋತ ಪಂದ್ಯಗಳಲ್ಲಿ ಗೋಲುಗಳು ಬಿದ್ದ ಹೊತ್ತನ್ನು ಗಮನಿಸಿ. ಪ್ರತಿ ಸಲವೂ ಕೊನೆಯ ಹದಿನೈದು ನಿಮಿಷದಲ್ಲಿ ಬಿದ್ದಿದ್ದರೆ ದೇಹದಾರ್ಢ್ಯದ ಅಭ್ಯಾಸ ಕಡಿಮೆಯಾಗಿದೆ ಎಂದೋ ಬದಲಿ ಆಟಗಾರರನ್ನು ಸರಿಯಾಗಿ ಬಳಸಲಿಲ್ಲ ಎಂದೋ ಹೇಳಲು ದಾರಿಯಿದೆ. ಕಾರ್ನರ್ ಕಿಕ್‌ನಿಂದಲೇ ಮತ್ತೆ ಮತ್ತೆ ಬಿದ್ದಿದ್ದರೆ ಅದು ಅಭ್ಯಾಸದಲ್ಲಿ ತಿದ್ದಬಹುದಾಗಿದ್ದ ತಪ್ಪು. ತಿದ್ದಬಹುದಾಗಿದ್ದೂ ತಿದ್ದದ ತಪ್ಪೊಂದನ್ನು ಹೆಸರಿಸಿ ತೋರಿಸುವುದು, ಹತ್ತು ಸೋಲುಗಳನ್ನು ಎಣಿಸಿ ಹೇಳುವುದಕ್ಕಿಂತ ಬಲವಾದ ವಾದ.

ಬದಲಾಯಿಸದೇ ಇದ್ದಿದ್ದರೆ ಏನಾಗುತ್ತಿತ್ತು?

ಇಡೀ ಚರ್ಚೆಯ ತಿರುಳು ಇಲ್ಲಿದೆ, ಮತ್ತು ಬಹುತೇಕ ಎಲ್ಲರೂ ಎಡವುವುದೂ ಇಲ್ಲಿಯೇ. ಕೋಚ್‌ಗಳನ್ನು ತೆಗೆಯುವುದು ತಂಡ ತೀರಾ ಕೆಳಗೆ ಬಿದ್ದ ವರ್ಷ. ತೀರಾ ಕೆಟ್ಟ ವರ್ಷದಲ್ಲಿ ಕೌಶಲದ ಕೊರತೆಯ ಜೊತೆಗೆ ಗಾಯ, ಮೊದಲ ಸುತ್ತಿಗೇ ಬಲವಾದ ಎದುರಾಳಿ ಬಿದ್ದ ಡ್ರಾ, ರೆಫರಿಯ ಒಂದು ತೀರ್ಪು, ಕಂಬಕ್ಕೆ ಬಡಿದ ಚೆಂಡು ಇವೆಲ್ಲದರ ದುರದೃಷ್ಟವೂ ಸೇರಿರುತ್ತದೆ. ದುರದೃಷ್ಟ ಪ್ರತಿ ವರ್ಷ ಅಷ್ಟೇ ಪ್ರಮಾಣದಲ್ಲಿ ಬರುವುದಿಲ್ಲವಾದ್ದರಿಂದ ಯಾರೇ ಕೋಚ್ ಆಗಿದ್ದರೂ ಮುಂದಿನ ವರ್ಷ ತಂಡ ತನ್ನ ಸರಾಸರಿಯ ಕಡೆಗೆ ಮೇಲೇರುವ ಸಂಭವವೇ ಹೆಚ್ಚು. ಆ ಏರಿಕೆಯ ಹೆಸರೆಲ್ಲ ಹೊಸಬರಿಗೆ ಹೋಗುತ್ತದೆ. ಜ್ವರ ನೆತ್ತಿಗೇರಿದ ದಿನ ವೈದ್ಯರನ್ನು ಬದಲಿಸಿ, ಮರುದಿನ ಇಳಿದದ್ದಕ್ಕೆ ಹೊಸ ವೈದ್ಯರ ಕೈಗುಣವನ್ನು ಹೊಗಳುವಂತೆ.

ಆದ್ದರಿಂದ ಸರಿಯಾದ ಹೋಲಿಕೆ ಹಳೆಯ ವರ್ಷಕ್ಕೂ ಹೊಸ ವರ್ಷಕ್ಕೂ ನಡುವೆ ಅಲ್ಲ, ಬದಲಾಯಿಸಿದ ತಂಡಕ್ಕೂ ಅಷ್ಟೇ ಕೆಟ್ಟದಾಗಿ ಆಡಿ ಬದಲಾಯಿಸದೇ ಉಳಿದ ತಂಡಕ್ಕೂ ನಡುವೆ ಆಗಬೇಕು. ಸ್ಕಾಟ್ ಆ್ಯಡ್ಲರ್, ಮೈಕೆಲ್ ಬೆರಿ ಮತ್ತು ಡೇವಿಡ್ ಡೋಹರ್ಟಿ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞರು 1997ರಿಂದ 2010ರವರೆಗಿನ ಕಾಲೇಜು ಫುಟ್‌ಬಾಲ್ ದಾಖಲೆಗಳನ್ನು ಇದೇ ರೀತಿ ಜೋಡಿಸಿ ನೋಡಿದರು. ತೀರಾ ಕಳಪೆಯಾಗಿ ಆಡಿದ ತಂಡಗಳಲ್ಲಿ ಕೋಚ್ ಬದಲಾವಣೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಧ್ಯಮ ಮಟ್ಟದ ತಂಡಗಳಲ್ಲಿ, ಬದಲಾಯಿಸಿದವರು ಬದಲಾಯಿಸದವರಿಗಿಂತ ಮುಂದಿನ ವರ್ಷಗಳಲ್ಲಿ ಹಿಂದೆ ಬಿದ್ದಿದ್ದರು. ವಿರೋಧದ ಪಕ್ಷದಲ್ಲಿ ಮಾತನಾಡುವವರಿಗೆ ಇದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ. ಆದರೆ ಇದು ನೂರಾರು ಋತುಗಳ ಸರಾಸರಿಯ ಮಾತು ಎಂಬುದನ್ನು ಮರೆತು, "ಬದಲಾವಣೆ ಎಂದೂ ಫಲಿಸದು" ಎಂದುಬಿಟ್ಟರೆ ಎದುರಾಳಿ ಒಂದೇ ಉದಾಹರಣೆಯಿಂದ ನಿಮ್ಮನ್ನು ಕೂರಿಸಿಬಿಡುತ್ತಾರೆ.

ಆ ಉದಾಹರಣೆ ಬಹುಶಃ ಆಬರ್ನ್ ಆಗಿರುತ್ತದೆ. ಆಬರ್ನ್ ವಿಶ್ವವಿದ್ಯಾಲಯದ ತಂಡ ಜೀನ್ ಚಿಜಿಕ್ ಕೈಕೆಳಗೆ 2010ರಲ್ಲಿ ಒಂದೂ ಸೋಲಿಲ್ಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. 2012ರಲ್ಲಿ ಮೂರು ಗೆದ್ದು ಒಂಬತ್ತು ಸೋತಿತು. ಚಿಜಿಕ್ ಅವರನ್ನು ತೆಗೆದರು. 2013ರಲ್ಲಿ ಗಸ್ ಮಾಲ್ಜಾನ್ ಬಂದು ಹನ್ನೆರಡು ಗೆದ್ದು, ರಾಷ್ಟ್ರೀಯ ಫೈನಲ್ ಅನ್ನು ಕೂದಲೆಳೆಯಲ್ಲಿ ಸೋತರು. ಪರ ವಹಿಸಿದವರು ಇದನ್ನು ಎತ್ತಿದರೆ ಗಾಬರಿಯಾಗಬೇಡಿ. ಆ ತಂಡದ ಆಟಗಾರರಲ್ಲಿ ಬಹುಪಾಲು ಮಂದಿಯನ್ನು ಕರೆತಂದದ್ದು ಹಿಂದಿನ ಆಡಳಿತವೇ. ಮಾಲ್ಜಾನ್ ಕೂಡ 2011ರವರೆಗೆ ಚಿಜಿಕ್ ಅವರ ಜೊತೆಯಲ್ಲೇ ಆಕ್ರಮಣ ವಿಭಾಗದ ಹೊಣೆ ಹೊತ್ತಿದ್ದವರು. ಹೊಸಬರ ಮೊದಲ ವರ್ಷದ ಗೆಲುವಿನಲ್ಲಿ ಹಳಬರ ಪಾಲನ್ನು ಹೀಗೆ ಬೇರ್ಪಡಿಸಿ ತೋರಿಸಬೇಕು.

ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಬೆಂಗಳೂರು ಎಫ್‌ಸಿ ಇದೆ. ಅದು ಕಾಲೇಜು ತಂಡವಲ್ಲವಾದರೂ ಋತುವಿಗೆ ಮುಂಚಿನ ಅಭ್ಯಾಸಕ್ಕೆ ನಮ್ಮ ಜಿಲ್ಲೆಯ ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ಗೆ ಬಂದು ಹೋಗಿರುವ ತಂಡವಾದ್ದರಿಂದ ಇಲ್ಲಿನ ಹುಡುಗರಿಗೆ ಅದರ ಏಳುಬೀಳು ಬಾಯಿಪಾಠವಾಗಿದೆ. 2022-23ರ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ಸೈಮನ್ ಗ್ರೇಸನ್ ಅವರ ತಂಡ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು ಕಂಡಿತು. ಕ್ಲಬ್ ಅವರನ್ನು ಉಳಿಸಿಕೊಂಡಿತು. ತಂಡ ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ಫೈನಲ್‌ವರೆಗೆ ಹೋಗಿ, ಪೆನಾಲ್ಟಿ ಶೂಟೌಟ್‌ನಲ್ಲಿ ಕಪ್ ಕಳೆದುಕೊಂಡಿತು. ಅದೇ ಗ್ರೇಸನ್ ಅವರನ್ನು 2023ರ ಡಿಸೆಂಬರ್‌ನಲ್ಲಿ ಋತುವಿನ ನಡುವೆಯೇ ತೆಗೆಯಲಾಯಿತು. ಹನ್ನೆರಡು ತಂಡಗಳಲ್ಲಿ ಬೆಂಗಳೂರು ಹತ್ತನೆಯದಾಗಿ ಉಳಿಯಿತು. ಬದಲಾವಣೆ ವ್ಯರ್ಥವಾಯಿತು ಎಂದು ಅಲ್ಲಿಗೇ ನಿಲ್ಲಿಸುವವರು ಮುಂದಿನ ಋತುವನ್ನು ನೋಡಲಿ: ಹೊಸ ಕೋಚ್ ಗೆರಾರ್ಡ್ ಸರಗೋಸಾ ಅವರ ಪೂರ್ಣ ಋತುವಿನಲ್ಲಿ, 2025ರ ಏಪ್ರಿಲ್‌ನಲ್ಲಿ, ತಂಡ ಮತ್ತೆ ಫೈನಲ್ ಆಡಿತು. ಯಾವ ದಿನದಿಂದ ಯಾವ ದಿನದವರೆಗೆ ಎಣಿಸುತ್ತೀರಿ ಎಂಬುದನ್ನು ಮೊದಲೇ ಹೇಳಿ ಎಣಿಸುವುದು ಪ್ರಾಮಾಣಿಕ ವಾದದ ಲಕ್ಷಣ. ಫಲಿತಾಂಶ ನೋಡಿಕೊಂಡು ಗಡಿ ಹಾಕುವುದು ನಮ್ಮೂರಿನ ಕ್ರೀಡಾ ಚರ್ಚೆಗಳ ಹಳೆಯ ಚಾಳಿ.

ಒಂದೇ ಲೆಕ್ಕ, ಎರಡು ಫಲ

ತೀರ್ಮಾನವನ್ನು ಅದರ ಪರಿಣಾಮದಿಂದ ಅಳೆಯಬೇಕೇ ಅಥವಾ ಆ ದಿನ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕೇ? ಈ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದೆ ವೇದಿಕೆ ಹತ್ತಬಾರದು. ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಡುತ್ತೇನೆ.

2003ರ ಕೊನೆಗೆ ನೆಬ್ರಾಸ್ಕ ವಿಶ್ವವಿದ್ಯಾಲಯ ಫ್ರ್ಯಾಂಕ್ ಸೋಲಿಚ್ ಅವರನ್ನು ತೆಗೆಯಿತು. ಆ ಋತುವಿನಲ್ಲಿ ತಂಡ ಒಂಬತ್ತು ಗೆದ್ದು ಮೂರು ಸೋತಿತ್ತು. ಮರುವರ್ಷ ಬಿಲ್ ಕ್ಯಾಲಹನ್ ಅವರ ಕೈಯಲ್ಲಿ ಐದು ಗೆದ್ದು ಆರು ಸೋತಿತು. 1961ರ ನಂತರ ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ವರ್ಷ ಅದು. 2014ರಲ್ಲಿ, ಏಳೂ ಋತುಗಳಲ್ಲಿ ಕನಿಷ್ಠ ಒಂಬತ್ತು ಪಂದ್ಯ ಗೆದ್ದಿದ್ದ ಬೋ ಪೆಲಿನಿ ಅವರನ್ನೂ ಅದೇ ವಿಶ್ವವಿದ್ಯಾಲಯ ಮತ್ತದೇ 9-3ರ ಲೆಕ್ಕದ ಮೇಲೆ ತೆಗೆದು, ಮತ್ತಷ್ಟು ಕೆಳಗೆ ಜಾರಿತು. ಇತ್ತ 2015ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯ ಹದಿನೈದು ಋತುಗಳ ನಂತರ ಮಾರ್ಕ್ ರಿಕ್ಟ್ ಅವರನ್ನು ಬೀಳ್ಕೊಟ್ಟಿತು. ಅವರದೂ ಆ ವರ್ಷ ಒಂಬತ್ತು ಗೆಲುವು, ಮೂರು ಸೋಲು. ಬಂದವರು ಕರ್ಬಿ ಸ್ಮಾರ್ಟ್. ಮೊದಲ ವರ್ಷ ಎಂಟು ಗೆದ್ದು ಐದು ಸೋತಾಗ ಎಷ್ಟು ಮಂದಿ ತಲೆ ಚಚ್ಚಿಕೊಂಡಿರಬೇಕು! ಎರಡನೆಯ ವರ್ಷ ತಂಡ ರಾಷ್ಟ್ರೀಯ ಫೈನಲ್ ತಲುಪಿತು, 2021 ಮತ್ತು 2022ರ ಋತುಗಳಲ್ಲಿ ಸತತ ಎರಡು ಬಾರಿ ಚಾಂಪಿಯನ್ ಆಯಿತು.

ಗೆಲುವು-ಸೋಲಿನ ಲೆಕ್ಕ ಎರಡೂ ಕಡೆ ಒಂದೇ, ಫಲ ಮಾತ್ರ ಬೇರೆ. ಫಲವನ್ನು ನೋಡಿ ಜಾರ್ಜಿಯಾ ಜಾಣತನ ಮಾಡಿತು, ನೆಬ್ರಾಸ್ಕ ದಡ್ಡತನ ಮಾಡಿತು ಎನ್ನುವುದು ಸುಲಭ. ಆ ದಿನ ಎರಡೂ ಕಡೆಯವರಿಗೆ ಏನು ತಿಳಿದಿತ್ತು ಎಂದು ಕೇಳುವುದು ಕಷ್ಟದ ಕೆಲಸ. ನನ್ನ ಅಭಿಪ್ರಾಯದಲ್ಲಿ ನಿರ್ಣಾಯಕವಾದದ್ದು ಮುಂದಿನವರ ಬಗೆಗಿನ ಸಿದ್ಧತೆ. ಕರ್ಬಿ ಸ್ಮಾರ್ಟ್ ಅದೇ ಜಾರ್ಜಿಯಾದಲ್ಲಿ ಆಡಿ ಬೆಳೆದವರು, ಅಲಬಾಮ ತಂಡದಲ್ಲಿ ವರ್ಷಗಳ ಕಾಲ ರಕ್ಷಣಾ ವಿಭಾಗವನ್ನು ನಡೆಸಿ ಆ ಪ್ರದೇಶದ ಪ್ರೌಢಶಾಲೆಗಳ ಒಳಹೊರಗನ್ನು ಬಲ್ಲವರು. ಕ್ಯಾಲಹನ್ ಬಂದದ್ದು ವೃತ್ತಿಪರ ಲೀಗ್‌ನಿಂದ, ಚೆಂಡು ಹಿಡಿದು ಓಡುವ ಆಟಕ್ಕೇ ದಶಕಗಳಿಂದ ಹೊಂದಿಕೊಂಡಿದ್ದ ತಂಡಕ್ಕೆ ಎಸೆತದ ಆಟವನ್ನು ಹೊತ್ತುಕೊಂಡು. ಇದು ನೇಮಕದ ದಿನವೇ ಕಾಣುತ್ತಿದ್ದ ವ್ಯತ್ಯಾಸ. ಹಾಗಾಗಿ ನಿಮ್ಮ ಕಾಲೇಜಿನ ವಿಷಯದಲ್ಲೂ "ತೆಗೆದ ದಿನ ಮುಂದಿನವರು ಯಾರೆಂದು ಗೊತ್ತಿತ್ತೇ? ಅವರು ಇರುವ ಹುಡುಗರಿಗೆ ಹೊಂದುವವರೇ?" ಎಂದು ಕೇಳಿ. ಹಳಬರಿಗೆ ನಮಸ್ಕಾರ ಹೇಳಿದ ಮೇಲೆ ಹೊಸಬರನ್ನು ಹುಡುಕಲು ಹೊರಟಿದ್ದರೆ, ಆಮೇಲೆ ಕಪ್ ಬಂದರೂ ಅದನ್ನು ಒಳ್ಳೆಯ ತೀರ್ಮಾನ ಎನ್ನಲು ನಾನು ಒಪ್ಪುವುದಿಲ್ಲ.

ವೆಚ್ಚವನ್ನೂ ಇದೇ ದಿನದ ಲೆಕ್ಕಕ್ಕೆ ಸೇರಿಸಬೇಕು. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಶರ್ ಅವರನ್ನು ತೆಗೆದಾಗ, ಉಳಿದ ಒಪ್ಪಂದಕ್ಕಾಗಿ ಕೊಡಬೇಕಾದ ಮೊತ್ತ ಏಳೂವರೆ ಕೋಟಿ ಡಾಲರ್ ದಾಟಿತ್ತು. ನಮ್ಮಲ್ಲಿ ಹಣದ ಪ್ರಶ್ನೆ ಸಣ್ಣದು, ಕಾಲದ ಪ್ರಶ್ನೆ ದೊಡ್ಡದು: ಅಂತಿಮ ವರ್ಷದ ಆಟಗಾರನಿಗೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಲು ಉಳಿದಿರುವುದು ಒಂದೇ ಅವಕಾಶ, ಅದು ಹೊಸ ಕೋಚ್ ಹುಡುಗರ ಹೆಸರು ಕಲಿಯುವಷ್ಟರಲ್ಲಿ ಮುಗಿದುಹೋಗುತ್ತದೆ.

ವೇದಿಕೆಯ ಮೇಲೆ

ಚರ್ಚಾಸ್ಪರ್ಧೆಯಲ್ಲಿ ಸಿಗುವ ನಾಲ್ಕೈದು ನಿಮಿಷದಲ್ಲಿ ಇಷ್ಟನ್ನೂ ಹೇಳಲಾಗದು. ಮೊದಲ ಅರ್ಧ ನಿಮಿಷದಲ್ಲಿ ಮೂರು ಪ್ರಶ್ನೆಗಳಲ್ಲಿ ಯಾವುದನ್ನು ಎತ್ತಿಕೊಂಡಿದ್ದೀರಿ ಎಂದು ಹೇಳಿ, ಉಳಿದ ಸಮಯವನ್ನು ನಿಮ್ಮ ಬಳಿಯಿರುವ ಅತ್ಯಂತ ಗಟ್ಟಿಯಾದ ಎರಡು ದಾಖಲೆಗಳಿಗೆ ಕೊಡಿ. ಎದುರಾಳಿಯ ಪಕ್ಷವನ್ನು ಮನೆಯಲ್ಲಿ ಒಮ್ಮೆ ಪೂರ್ತಿಯಾಗಿ ನೀವೇ ಮಂಡಿಸಿ ನೋಡಿ. ಅದರಲ್ಲಿ ಉತ್ತರಿಸಲಾಗದ ಒಂದು ಅಂಶ ಸಿಕ್ಕರೆ ಅದನ್ನು ವೇದಿಕೆಯ ಮೇಲೆ ನೀವೇ ಮೊದಲು ಒಪ್ಪಿಕೊಂಡುಬಿಡುವುದು ಲಾಭ. "ಅಭ್ಯಾಸದ ಶಿಸ್ತು ಸಡಿಲವಾಗಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಒಂದು ಎಚ್ಚರಿಕೆಯ ಪತ್ರವನ್ನೂ ಕೊಡದೆ ತೆಗೆದದ್ದನ್ನು ಪ್ರಶ್ನಿಸುತ್ತೇನೆ" ಎನ್ನುವವರ ಮಾತನ್ನು ತೀರ್ಪುಗಾರರು ಕಿವಿಗೊಟ್ಟು ಕೇಳುತ್ತಾರೆ.

ಸಭಾಂಗಣದಲ್ಲಿ ಹಳೆಯ ಕೋಚ್ ಅವರೇ ಕುಳಿತಿರಬಹುದು, ಇಲ್ಲವೇ ಅವರ ಮಗ ನಿಮ್ಮದೇ ತರಗತಿಯಲ್ಲಿರಬಹುದು. ಬಳ್ಳಾರಿ ದೊಡ್ಡ ಊರೇನಲ್ಲ. ಅವರನ್ನು "ಸರ್" ಎಂದೇ ಕರೆಯಿರಿ, ವ್ಯಕ್ತಿಯ ಬಗ್ಗೆ ಅಲ್ಲದೆ ಕೆಲಸದ ಬಗ್ಗೆ ಮಾತನಾಡಿ, ಕೇಳಿದ ಗಾಳಿಸುದ್ದಿಯನ್ನು ಪ್ರಶ್ನೆಯ ರೂಪದಲ್ಲಿಯೂ ತೂರಿಸಬೇಡಿ. "ಅವರ ಬಗ್ಗೆ ಏನೇನೋ ಹೇಳುತ್ತಾರೆ" ಎಂಬ ವಾಕ್ಯ ಚಪ್ಪಾಳೆ ಗಿಟ್ಟಿಸಬಹುದು, ಆದರೆ ಅದಕ್ಕೆ ಉತ್ತರಿಸುವ ಅವಕಾಶ ಕೆಳಗೆ ಕುಳಿತವರಿಗೆ ಇರುವುದಿಲ್ಲ.

ಇನ್ನು ಹಾಜರಿ ಪುಸ್ತಕವೂ ಸಿಗದೆ, ಪಂದ್ಯಗಳ ವಿವರವೂ ಯಾರ ಬಳಿಯೂ ಉಳಿದಿರದಿದ್ದರೆ, ಇದೂ ನಮ್ಮಲ್ಲಿ ಸಾಮಾನ್ಯವೇ, ವಾದವನ್ನು ಅಷ್ಟಕ್ಕೆ ಕುಗ್ಗಿಸಿಕೊಳ್ಳಿ. ಕೋಚ್ ಒಳ್ಳೆಯವರೋ ಕೆಟ್ಟವರೋ ಎಂದು ಹೇಳುವ ಬದಲು, ಅಳೆಯಲು ಯಾವ ದಾಖಲೆಯನ್ನೂ ಇಡದ ಆಡಳಿತ ಯಾವ ಆಧಾರದ ಮೇಲೆ ತೀರ್ಮಾನಿಸಿತು ಎಂದು ಕೇಳಿ. ಜೊತೆಗೆ ಹೊಸ ಕೋಚ್‌ಗೆ ಎಷ್ಟು ವರ್ಷ ಸಮಯ, ಯಾವ ಗುರಿ, ವಾರಕ್ಕೆ ಎಷ್ಟು ಸಂಜೆಯ ಮೈದಾನ ಎಂಬುದನ್ನು ಈಗಲೇ ಬರಹದಲ್ಲಿ ಕೊಡಬೇಕೆಂದು ಸಭೆಯ ಮುಂದಿಡಿ.